ಹಲ್ಲಿ ನುಡಿದ ಗೋಡೆ

ಬಸವಂತರಾಯರು ಕಲ್ಲಿನ ಗೋಡೆ ಎಬ್ಬಿಸಿ, "ನೂರು ವರ್ಷ ಅಲುಗುವುದಿಲ್ಲ" ಎಂದಾಗ ಗೋಡೆಯ ಮೇಲಿದ್ದ ಹಲ್ಲಿ ಲೊಚಗುಟ್ಟಿತು. "ಹಲ್ಲಿ ನುಡಿದರೆ ಸತ್ಯ!" ಎಂದು ರಾಯರು ಮೇಸ್ತ್ರಿಯ ಎದುರೇ ಕೈಮುಗಿದರು. ಅಂದಿನಿಂದ ಹಲ್ಲಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೊದಲೂ ನಿಂತಿರಲಿಲ್ಲ ಅನ್ನಿ.

ಗೋಡೆಯೊಳಗಿನ ಇರುವೆ ಕೇಳಿತು: "ಅಕ್ಕ, ಈ ಗೋಡೆಯ ಹೊರಮೈ, ಒಳಮೈ ಎರಡನ್ನೂ ಹಿಡಿದಿಡುವ ಉದ್ದಗಲ್ಲು ಒಂದೂ ಇಲ್ಲ. ನಡುವೆ ಬರೀ ಮಣ್ಣು. ಯಾವ ಧೈರ್ಯದಲ್ಲಿ ಹೂಂ ಅಂದೆ?"

"ನಾನು ನೊಣ ನೋಡಿ ಲೊಚಗುಟ್ಟಿದೆ. ಅವರಾಗಿ ಕೈಮುಗಿದರೆ ಬೇಡ ಅನ್ನಲೇ?"

ಸುಗ್ಗಿಯಲ್ಲಿ ಊರೆಲ್ಲ ಹೊಲದಲ್ಲಿದ್ದಾಗ ಭೂಮಿ ನಡುಗಿತು. ಜನ ಉಳಿದರು, ಊರು ಉಳಿಯಲಿಲ್ಲ. ರಾಯರ ಗೋಡೆ ಎರಡು ಹೋಳಾಗಿ ಬಿತ್ತು. ಅದರಡಿ ಸಿಕ್ಕಿ ಹಲ್ಲಿಯ ಬಾಲ ತುಂಡಾಯಿತು.

ತಿಂಗಳೊಳಗೆ ರಾಯರು ಅದೇ ಕಲ್ಲನ್ನು ಅದೇ ರೀತಿ ಪೇರಿಸಿ, "ಈ ಸಲ ಇನ್ನೂರು ವರ್ಷ" ಎಂದು ಹಲ್ಲಿಯತ್ತ ನೋಡಿದರು. ಹಲ್ಲಿಯ ಮೂಗಿನೆದುರೇ ನೊಣ ಕುಳಿತಿತ್ತು. ಆದರೂ ಅದು ಬಾಯಿ ಬಿಗಿಹಿಡಿಯಿತು. ರಾಯರು ಕಾದರು, ಕೆಮ್ಮಿದರು. ಕೊನೆಗೆ ಮುಖ ಆಚೆ ತಿರುಗಿಸಿ ತಾವೇ ಲೊಚಗುಟ್ಟಿ, "ಕೇಳಿದೆಯಾ ಮೇಸ್ತ್ರಿ, ಹಲ್ಲಿ ನುಡಿಯಿತು!" ಎಂದು ಕೈಮುಗಿದರು.

ಹಲ್ಲಿ ಮೋಟು ಬಾಲ ಎತ್ತಿಕೊಂಡು ಹುಣಸೆಮರದ ಕಡೆ ಹೊರಟಿತು. ಇರುವೆ ಆಗಲೇ ಅಲ್ಲಿ ಗೂಡು ಕಟ್ಟಿ ಮುಗಿಸಿತ್ತು.