ಸೂರ್ಯನ ನೆಂಟನೆಂದ ನರಿ

ಭೂಮಿಯ ಉತ್ತರದ ತುದಿಯ ಒಂದು ಕಾಡಿನಲ್ಲಿ ಚಳಿಗಾಲ ಬಂದರೆ ಮಧ್ಯಾಹ್ನವೂ ಕತ್ತಲೆ. ಕೆಲವು ದಿನ ಆ ಕತ್ತಲೆಯಲ್ಲಿ ಆಕಾಶದ ತುಂಬ ಹಸಿರು ಬೆಳಕು ಕುಣಿಯುತ್ತಿತ್ತು. ಮೊಲಗಳಿಗೆ ಅದನ್ನು ಕಂಡರೆ ಭಯ. ಆ ಭಯದಿಂದ ಒಂದು ನರಿ ಹೊಟ್ಟೆ ಹೊರೆಯುತ್ತಿತ್ತು.

"ಅವು ಸೂರ್ಯ ಎಸೆಯುವ ಕಿಡಿಗಳು. ಅವನಿಗೆ ನಿಮ್ಮ ಮೇಲೆ ಸಿಟ್ಟು. ನಾನು ಅವನ ನೆಂಟ, ನನ್ನ ಬೆಂಕಿಯಂಥ ಬಣ್ಣ ನೋಡಿ. ಬೆಳಕು ಕಂಡ ದಿನ ಒಂದು ಮರಿಯನ್ನು ನನ್ನ ಗವಿಗೆ ತಂದು ಬಿಡಿ. ಉಳಿದವರನ್ನು ಸುಡಬೇಡವೆಂದು ಹೇಳುತ್ತೇನೆ" ಎಂದಿತ್ತು ನರಿ. ಮೊಲಗಳು ತಂದು ಬಿಟ್ಟವು. ಬೆಳಕು ತಾನಾಗಿಯೇ ಆರುತ್ತಿತ್ತು. ಅದನ್ನು ನಂದಿಸಿದ ಹೆಸರು ನರಿಗೆ ಬರುತ್ತಿತ್ತು.

ಒಮ್ಮೆ ಸರದಿ ಒಂದು ಬಿಳಿ ಮೊಲದ್ದಾಯಿತು. ಅದಕ್ಕಿದ್ದದ್ದು ಒಂದೇ ಮರಿ. ಮರಿಯೊಡನೆ ಹೊರಟ ತಾಯಿಯನ್ನು, ರೆಕ್ಕೆ ಮುರಿದು ಹಿಂಡಿನಿಂದ ಹಿಂದುಳಿದಿದ್ದ ಹೆಬ್ಬಾತು ತಡೆಯಿತು.

"ಎಲ್ಲಿಗಮ್ಮ?"

"ನರಿಯಪ್ಪನ ಗವಿಗೆ. ಸೂರ್ಯನಿಗೆ ಸಿಟ್ಟು ಬಂದಿದೆಯಂತೆ."

"ಅಂತೆ! ಹೇಳಿದವನು ಯಾರು? ತಿನ್ನುವವನೇ."

"ಮತ್ತೆ ಆ ಕಿಡಿ ಎಲ್ಲಿಂದ ಬರುತ್ತದೆ?"

"ಸೂರ್ಯನಿಂದಲೂ ಬರುತ್ತದೆ, ನಮ್ಮ ಭೂಮಿಯಿಂದಲೂ ಬರುತ್ತದೆ. ಭೂಮಿ ಒಂದು ದೊಡ್ಡ ಅಯಸ್ಕಾಂತ. ಸುತ್ತ ಕಾಣದ ಬೇಲಿ ಹಾಕಿಕೊಂಡಿದೆ. ಸೂರ್ಯ ಬೀಸುವ ಕಣಗಳು ಬೇಲಿಗೆ ಬಡಿದು ಬಹುಪಾಲು ಪಕ್ಕಕ್ಕೆ ಹೋಗುತ್ತವೆ. ಕೆಲವು ಬೇಲಿಯ ಹಿಂಬದಿಯಿಂದ ನುಸುಳುತ್ತವೆ. ನಮ್ಮ ಗಾಳಿಯ ಕಣಗಳೂ ಮೇಲೇರಿ ಅವುಗಳ ಜೊತೆ ಸೇರುತ್ತವೆ. ಬೇಲಿ ಅಲುಗಿದಾಗ ಎರಡಕ್ಕೂ ವೇಗ ಬರುತ್ತದೆ. ಕೆಳಕ್ಕೆ ಧುಮುಕಿ, ಎತ್ತರದ ಗಾಳಿಗೆ ಬಡಿದಾಗ ಬೆಳಕು ಹುಟ್ಟುತ್ತದೆ. ಇದರಲ್ಲಿ ಸಿಟ್ಟು ಎಲ್ಲಿದೆ?"

"ನಿನಗೆ ಹೇಗೆ ಗೊತ್ತು?"

"ನಾವು ಹಾರುವುದು ಆ ಬೇಲಿಯಿಂದ ದಿಕ್ಕು ತಿಳಿದು. ಬೆಳಕು ಕುಣಿದ ದಿನ ನಮಗೆ ದಿಕ್ಕು ತಪ್ಪುತ್ತದೆ. ನರಿಯೂ ಹಿಮದಡಿಯ ಬೇಟೆಗೆ ನೆಗೆಯುವಾಗ ಉತ್ತರ ದಿಕ್ಕನ್ನೇ ನಂಬುತ್ತದೆ. ಇವತ್ತು ಅದಕ್ಕೆ ಗುರಿ ಸಿಗುವುದಿಲ್ಲ. ಅದಕ್ಕೇ ಇವತ್ತೇ ನೀವು ತಂದುಕೊಡಬೇಕು ಎನ್ನುತ್ತದೆ."

ತಾಯಿ ಗವಿಯ ದಾರಿ ಬಿಟ್ಟು ಹಿಂದಿರುಗಿತು. ಮರಿಯನ್ನು ಕರೆದುಕೊಂಡು ಹಿಮದೊಳಗಿನ ಬಿಲಕ್ಕೆ ಇಳಿಯಿತು.

ಕಾದು ಕಾದು ಹಸಿದ ನರಿ ಹುಡುಕುತ್ತ ಬಂತು. "ಎಲ್ಲಿ ಮರಿ? ಸೂರ್ಯ ನಿಮ್ಮನ್ನು ಸುಡುತ್ತಾನೆ."

"ಊಟವನ್ನು ನಿನ್ನ ನೆಂಟನನ್ನೇ ಕೇಳು" ಎಂದಿತು ತಾಯಿ, ಹಿಮದಡಿಯಿಂದ.

ನರಿ ದನಿ ಆಲಿಸಿತು. ಉತ್ತರ ದಿಕ್ಕೆಂದುಕೊಂಡ ಕಡೆಗೆ ಮೂತಿ ತಿರುಗಿಸಿ ನೆಗೆಯಿತು. ಪಕ್ಕದ ಬಂಡೆಗೆ ಬಡಿಯಿತು. ಮತ್ತೆ ನೆಗೆಯಿತು. ಹಲ್ಲು ಮುರಿಯಿತು.

ಅಷ್ಟರಲ್ಲಿ ಬೆಳಕು ಆರಿತು. ಯಾರೂ ಸುಟ್ಟುಹೋಗಲಿಲ್ಲ. ಪೊದೆಗಳಿಂದ ಮೊಲಗಳು ಹೊರಬಂದವು. ಮರಿ ಕೊಟ್ಟು ಬಂದಿದ್ದ ತಾಯಂದಿರು ಮಾತ್ರ ಆಕಾಶ ನೋಡಲಿಲ್ಲ. ನರಿಯನ್ನೇ ನೋಡುತ್ತ ನಿಂತರು. ಆ ನೋಟ ತಾಳಲಾರದೆ ನರಿ ಕಾಡು ಬಿಟ್ಟಿತು.

ನೀತಿ: ಹೆದರಿಸುವವನ ಮಾತು ನಂಬುವ ಮೊದಲು, ನಿಮ್ಮ ಹೆದರಿಕೆಯಿಂದ ಅವನ ಹೊಟ್ಟೆಗೆ ಏನು ಬೀಳುತ್ತದೆ ಎಂದು ಕೇಳಿ.