ಹನ್ನೊಂದನೇ ಚಾನೆಲ್ಲಿನ ಸೂತಕ

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ, ಇದು ನಗುವ ಕಥೆಯಲ್ಲ. ಒಂದು ರಾಜ್ಯವಿತ್ತು. ರಾಜ್ಯಕ್ಕೊಬ್ಬ ಅರಸ, ಅರಸನಿಗೊಂದು ಕೋಟೆ, ಕೋಟೆಯೊಳಗೊಂದು ಊರು. ಆ ಊರಲ್ಲಿ ಮನೆಗೊಂದು ವೈಫೈ ಪೆಟ್ಟಿಗೆ ಇತ್ತು. ಅರಸನ ಕಥೆಯಲ್ಲಿ ವೈಫೈ ಎಲ್ಲಿಂದ ಬಂತು ಅಂತ ಕೇಳಬೇಡಿ. ಗಿಣಿ ಮಾತಾಡಿತು ಅಂದರೆ ಬಾಯಿ ಮುಚ್ಚಿಕೊಂಡು ಒಪ್ಪುತ್ತೀರಲ್ಲ, ಇದನ್ನೂ ಒಪ್ಪಿಕೊಳ್ಳಿ. ಊರಿಗೆ ಇನ್ನೂ ಟವರ್ ಬಂದಿರಲಿಲ್ಲ. ದೂರದವರ ಹತ್ತಿರ ಮಾತಾಡಬೇಕಾದರೆ ಆ ಪೆಟ್ಟಿಗೆಯೇ ಗತಿ.

ಆನೆಲಾಯದ ಹಿಂದಿನ ಬೀದಿಯಲ್ಲಿ ಪುಟ್ಟೀರಮ್ಮ ಇದ್ದಳು. ಅರಮನೆಗೆ ಹೂ ಕಟ್ಟಿ ಕೊಡುವುದು ಅವಳ ಕೆಲಸ. ಗಂಡ ಕೆಂಗಯ್ಯ ಅರಸನ ಆನೆಗೆ ಮಾವುತ. ಮಕ್ಕಳಿರಲಿಲ್ಲ. ಅವಳಿಗೆ ಅವನು, ಅವನಿಗೆ ಅವಳು, ಅಷ್ಟೇ ಸಂಸಾರ. ಆ ಮಳೆಗಾಲ ಕೆಂಗಯ್ಯ ಗಡಿಯ ಕಾಡಿಗೆ ಹೋದವನು ಆನೆಯ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ. ಅಲ್ಲಿಯದೇ ಆಸ್ಪತ್ರೆಯಲ್ಲಿ ಮಲಗಿಸಿದರು. ನಡುವೆ ಹೊಳೆ ತುಂಬಿ ಹರಿಯುತ್ತಿತ್ತು. ದೋಣಿ ಬಿಡುತ್ತಿರಲಿಲ್ಲ. ಸಂಜೆ ಹೊತ್ತು ಫೋನಿನಲ್ಲಿ ಮುಖ ನೋಡುವುದು ಬಿಟ್ಟರೆ ಪುಟ್ಟೀರಮ್ಮನಿಗೆ ಬೇರೆ ದಾರಿ ಇರಲಿಲ್ಲ.

"ಪುಟ್ಟೀರಿ, ಉಂಡ್ಯಾ?" ಅನ್ನುತ್ತಿದ್ದ ಅವನು.

"ಉಂಡೆ. ನೋವು ಹೆಂಗದೆ?" ಅನ್ನುತ್ತಿದ್ದಳು ಇವಳು.

ಅವನು ಉತ್ತರಕ್ಕೆ ಬಾಯಿ ತೆರೆಯುತ್ತಿದ್ದ. ಅಷ್ಟರಲ್ಲಿ ಮುಖ ಹಾಗೇ ನಿಂತುಬಿಡುತ್ತಿತ್ತು. ಅದರ ಮೇಲೊಂದು ಉಂಗುರ ಗಿರಗಿರ ತಿರುಗುತ್ತಿತ್ತು. ನೋವು ಹೇಗಿದೆ ಅನ್ನುವುದು ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ.

ಯಾಕೆ ಹೀಗೆ ಅಂತೀರಾ? ಪೆಟ್ಟಿಗೆಯ ಮಾತು ಗಾಳಿಯಲ್ಲಿ ಹೋಗುತ್ತದೆ. ಗಾಳಿಯಲ್ಲಿ ಅದಕ್ಕೆ ಚಾನೆಲ್ ಅನ್ನುವ ದಾರಿಗಳಿವೆ, ಒಂದರಿಂದ ಹನ್ನೊಂದರವರೆಗೆ. ಪಕ್ಕಪಕ್ಕದ ದಾರಿಗಳು ಒಂದರ ಮೇಲೊಂದು ಹರಡಿಕೊಂಡಿರುತ್ತವೆ. ಒಂದು, ಆರು, ಹನ್ನೊಂದು, ಈ ಮೂರು ಮಾತ್ರ ಒಂದನ್ನೊಂದು ತಾಗುವುದಿಲ್ಲ. ಈ ಮೂರನ್ನು ಊರವರು ಹಂಚಿಕೊಂಡಿದ್ದರೆ ನಾನು ಈ ಕಥೆ ಹೇಳಬೇಕಾಗಿಯೇ ಇರಲಿಲ್ಲ.

ಆದರೆ ಆ ರಾಜ್ಯಕ್ಕೆ ಚಂಡೇರಾಯ ಅನ್ನುವ ಅಲೆಮಂತ್ರಿ ಇದ್ದ. ಗಾಳಿಯ ಅಲೆಗಳೆಲ್ಲ ಅವನ ಸುಪರ್ದಿಯಲ್ಲಿದ್ದವು. ಅವನು ಊರೆಲ್ಲ ಡಂಗುರ ಹೊಡೆಸಿದ್ದ. "ಒಂದು ಅರಮನೆಯದು, ಯಾರೂ ಮುಟ್ಟಬಾರದು! ಆರು ಷಣ್ಮುಖನದು, ಶುಭ, ಎಲ್ಲರೂ ಅಲ್ಲೇ ಇರಿ! ಹನ್ನೊಂದು ಸೂತಕದ್ದು! ಸತ್ತವರಿಗೆ ಹನ್ನೊಂದನೇ ದಿನ ಕರ್ಮ ಮಾಡುತ್ತೀರಲ್ಲ? ಆ ನಂಬರನ್ನು ಮನೆಗೆ ಕರೆದರೆ ಸಾವನ್ನು ಕರೆದ ಹಾಗೆ!" ಜನ ಹೆದರಿ ನಡುಗಿದರು. ಹೊಸ ಪೆಟ್ಟಿಗೆ ತಂದರೆ ಅರಿಶಿನ ಕುಂಕುಮ ಹಚ್ಚಿ, ಆರಕ್ಕೆ ಕೂರಿಸಿ, ಕಾಯಿ ಒಡೆಯುತ್ತಿದ್ದರು. ಇಡೀ ಊರು ಆರನೇ ದಾರಿಯಲ್ಲಿ ನುಗ್ಗಿ ನೂಕಾಡುತ್ತಿತ್ತು.

ಪುಟ್ಟೀರಮ್ಮ ಲೈನಿನ ಮರಿಸ್ವಾಮಿಯನ್ನು ಕರೆಸಿದಳು. ಪೆಟ್ಟಿಗೆ ಕೂರಿಸುವವನು ಅವನೇ.

"ಪೆಟ್ಗೆನ ಅಟ್ಟದ ಮ್ಯಾಲಿಡವ್ವ. ಅಲೆ ಹಿಡಿಯಾಕೆ ಉದ್ದದ ಆಂಟೆನಾ ಕೊಂಬು ಹಾಕ್ತೀನಿ," ಅಂದ ಅವನು. ಹಾಗೇ ಮಾಡಿದರು. ಒಂದು ಸಂಜೆ ಮುಖ ಚೆನ್ನಾಗಿ ಕಂಡಿತು. ಅದನ್ನು ನೋಡಿ ಅಕ್ಕಪಕ್ಕದವರೂ ಪೆಟ್ಟಿಗೆ ಅಟ್ಟಕ್ಕೇರಿಸಿ ಉದ್ದದ ಕೊಂಬು ಹಾಕಿಸಿದರು. ಮದುವೆಮನೆಯಲ್ಲಿ ಒಬ್ಬ ಗಂಟಲೇರಿಸಿದರೆ ಎಲ್ಲರೂ ಏರಿಸುತ್ತಾರಲ್ಲ, ಹಾಗಾಯಿತು. ಉಂಗುರ ಮತ್ತೆ ತಿರುಗತೊಡಗಿತು.

ಮರಿಸ್ವಾಮಿ ಎರಡನೇ ಸಲ ಬಂದ. "ಏಳಕ್ಕೆ ಹಾಕಿ ನೋಡುವ. ಏಳಕ್ಕೆ ಯಾರೂ ಬ್ಯಾಡ ಅಂದಿಲ್ವಲ್ಲ." ಹಾಗೇ ಮಾಡಿದರು. ಏಳು ಅಂದರೆ ಆರರ ಮಗ್ಗುಲು. ಆರರ ಗದ್ದಲವೆಲ್ಲ ಏಳಕ್ಕೆ ಸೋರಿ, "ಉಂಡ್ಯಾ" ಅನ್ನುವ ಒಂದು ಮಾತೂ ಕೇಳದೆ ಹೋಯಿತು.

ಮೂರನೇ ಸಲ ಬಂದಾಗ ಅವನು ಬಾಗಿಲು ಹಾಕಿಕೊಂಡು ತನ್ನ ಫೋನು ತೋರಿಸಿದ. ಅದರಲ್ಲಿ ಒಂದೊಂದು ಪೆಟ್ಟಿಗೆಯೂ ಒಂದೊಂದು ಗುಡ್ಡವಾಗಿ ಕಾಣುತ್ತಿತ್ತು. ಆರರ ಮೇಲೆ ಗುಡ್ಡಗಳ ರಾಶಿ. ಹನ್ನೊಂದರ ಮೇಲೆ ಒಂದೇ ಒಂದು ಗುಡ್ಡ.

"ಇಲ್ನೋಡವ್ವ. ಯಾರೋ ಒಬ್ರು ಹೆಸ್ರು ಮರೆಸ್ಕೊಂಡು ಹನ್ನೊಂದ್ರಲ್ಲಿ ಕುಂತವ್ರೆ. ಅವ್ರಿಗೇನೂ ಆಗಿಲ್ಲ. ನಿನ್ನ ಪೆಟ್ಗೆನೂ ಅಲ್ಲಿಗೆ ಹಾಕ್ಲಾ?"

ಪುಟ್ಟೀರಮ್ಮ ಫೋನನ್ನು ಅವನ ಕಡೆಗೇ ತಳ್ಳಿದಳು. "ಗಂಡ ಹಾಸ್ಗೆ ಮ್ಯಾಲವ್ನೆ. ಸೂತಕದ ನಂಬರ್ನ ನಾನೇ ಮನೆಗೆ ಕರೀಲಾ? ಬ್ಯಾಡಪ್ಪ, ಆರ್ಕೇ ಹಾಕ್ಬುಡು."

ಮರಿಸ್ವಾಮಿ ಒತ್ತಾಯ ಮಾಡಲಿಲ್ಲ. ಅವನಿಗೂ ಹೆಂಡತಿ ಮಕ್ಕಳಿದ್ದರು.

ಮಾರನೇ ಸಂಜೆ ಕೆಂಗಯ್ಯನ ಮುಖ ಬಂತು. ಕೆನ್ನೆ ಒಳಗೆ ಹೋಗಿತ್ತು. "ಪುಟ್ಟೀರಿ, ಒಂದ್ಮಾತು ಹೇಳ್ಬೇಕು. ಸರ್ಯಾಗಿ ಕೇಳ್ಸ್ಕೋ. ನಾನಿಲ್ದೆ ಹೋದ್ರೆ ನೀನು..."

ಮುಖ ನಿಂತಿತು. ಉಂಗುರ ತಿರುಗಿತು.

ಅವಳು ಫೋನನ್ನು ಅಲ್ಲಾಡಿಸಿದಳು. ಅಟ್ಟ ಹತ್ತಿ ಪೆಟ್ಟಿಗೆಯ ಮುಂದೆ ಹಿಡಿದಳು. ದೇವರೇ ದೇವರೇ ಅಂದಳು. ಉಂಗುರ ತಿರುಗುತ್ತಲೇ ಇತ್ತು. ಕೊನೆಗೆ ಅದೂ ಹೋಯಿತು. ಬೆಳಗಾಗುವಷ್ಟರಲ್ಲಿ ಕೆಂಗಯ್ಯ ತೀರಿಕೊಂಡ ಸುದ್ದಿ ಬಂತು. ಹೊಳೆ ಇಳಿದಿರಲಿಲ್ಲ. ಮಣ್ಣಿಗಿಡುವಾಗಲೂ ಅವಳಿಗೆ ಹೋಗಲಾಗಲಿಲ್ಲ.

ಗಂಡ ಸತ್ತ ದುಃಖವನ್ನು ಎಷ್ಟೋ ಜನ ನುಂಗಿಕೊಂಡಿದ್ದಾರೆ. ಇವಳ ದುಃಖ ಬೇರೆ. ಹೂ ಕಟ್ಟುತ್ತಾ ಕಟ್ಟುತ್ತಾ ಕೈ ನಿಂತುಬಿಡುತ್ತಿತ್ತು. ನೀನು ಅಳಬೇಡ ಅಂದನೋ? ನೀನು ತಮ್ಮನ ಮನೆಗೆ ಹೋಗು ಅಂದನೋ? ನೀನು ನನ್ನನ್ನು ಮರೆತುಬಿಡು ಅಂದನೋ? ಒಂದೊಂದು ದಿನ ಒಂದೊಂದು ಮಾತು ಸರಿ ಅನ್ನಿಸುತ್ತಿತ್ತು, ಸಂಜೆಗೆ ಅದೂ ಅಲ್ಲ ಅನ್ನಿಸುತ್ತಿತ್ತು.

ಕರ್ಮವೆಲ್ಲ ಮುಗಿದ ಮೇಲೆ ಅವಳೇ ಮರಿಸ್ವಾಮಿಯ ಮನೆಗೆ ಹೋದಳು. "ಹಾಕಪ್ಪ ಹನ್ನೊಂದ್ಕೆ. ಇನ್ಯಾರ್ನ ಕಿತ್ಕೊಂಡೋದಾತು ಅದು?"

ಹಾಕಿದ. ಆಸ್ಪತ್ರೆಯ ದಾದಿಗೆ ಫೋನು ಮಾಡಿದಳು. ಮುಖ ಕನ್ನಡಿಯಲ್ಲಿ ಕಂಡ ಹಾಗೆ ಕಂಡಿತು. ಒಂದು ಮಾತೂ ತುಂಡಾಗಲಿಲ್ಲ.

"ಅವ್ರು ಕಡೆಗೆ ಏನಂದ್ರು ತಾಯಿ?"

"ನಾನು ಆ ಹೊತ್ತಿಗೆ ಅಲ್ಲಿರಲಿಲ್ಲಮ್ಮ. ಆಮೇಲೆ ಹೋದಾಗ ತುಂಬಾ ನೆಮ್ಮದಿಯಾಗಿದ್ರು. 'ಹೇಳೋದ್ನೆಲ್ಲ ಅವಳಿಗೆ ಹೇಳ್ಬುಟ್ಟೆ' ಅಂದ್ರು. ಕಣ್ಣು ಮುಚ್ಚಿದ್ರು."

ಪುಟ್ಟೀರಮ್ಮ ಫೋನು ಕೆಳಗಿಟ್ಟು ಗೋಡೆಗೆ ಹಣೆ ಹಚ್ಚಿ ಅತ್ತಳು. ಅತ್ತು ಸಾಕಾದ ಮೇಲೆ ತನ್ನ ಪೆಟ್ಟಿಗೆಯ ಸ್ವಿಚ್ ಆಫ್ ಮಾಡಿ, ಮರಿಸ್ವಾಮಿಯ ಫೋನು ಇಸಿದುಕೊಂಡು, ಹನ್ನೊಂದರ ಆ ಒಂಟಿ ಗುಡ್ಡವನ್ನು ನೋಡುತ್ತಾ ಬೀದಿಗಿಳಿದಳು. ನಡೆದ ಹಾಗೆಲ್ಲ ಗುಡ್ಡ ಎತ್ತರವಾಯಿತು. ಚಂಡೇರಾಯನ ಕಾಂಪೌಂಡಿನ ಹತ್ತಿರ ಬೆಟ್ಟವಾಯಿತು. ಕಿಟಕಿಯೊಳಗೆ ಮಂತ್ರಿ ಗೋಡೆಯಗಲದ ಟಿವಿಯಲ್ಲಿ ಕುಸ್ತಿ ನೋಡುತ್ತಾ ಕೂತಿದ್ದ. ಊರಿಗೆಲ್ಲ ಸುತ್ತುವ ಉಂಗುರ ಅವನಿಗೆ ಒಮ್ಮೆಯೂ ಸುತ್ತಲಿಲ್ಲ.

ಮರುದಿನ ಅವಳು ಹೂವಿನ ಬುಟ್ಟಿಯ ಜೊತೆ ಅರಸನ ಮುಂದೆ ನಿಂತಳು. ಆಸ್ಥಾನ ತುಂಬಿತ್ತು.

"ಬುದ್ಧೀ, ನಮ್ಮೂರಲ್ಲಿ ಯಾರೋ ಹನ್ನೊಂದ್ನೇ ಚಾನೆಲ್ ಇಟ್ಕೊಂಡವ್ರೆ. ಅವ್ರು ಕರೆದ ಸಾವು ದಾರಿ ತಪ್ಪಿ ನನ್ನ ಗಂಡನ್ನ ತಕ್ಕೊಂಡೋಯ್ತು. ನನ್ಗೆ ನ್ಯಾಯ ಬೇಕು."

ಅರಸ ಮಂತ್ರಿಯ ಕಡೆ ತಿರುಗಿದ. "ಹನ್ನೊಂದು ಸಾವಿನ ನಂಬರ್ ಹೌದೇನಯ್ಯಾ?"

"ಹೌದು ಪ್ರಭು! ಯಾರೇ ಇಟ್ಟುಕೊಂಡಿರಲಿ, ಅವರು ಕೊಲೆಗಾರರೇ!" ಅಂದ ಚಂಡೇರಾಯ. ಹನ್ನೊಂದು ಇರುವುದು ತನ್ನ ಮನೆಯಲ್ಲಿ ಅಂತ ಹೂ ಕಟ್ಟುವವಳಿಗೆ ಎಲ್ಲಿ ಗೊತ್ತಾಗಬೇಕು ಅನ್ನುವುದು ಅವನ ಧೈರ್ಯ.

ಅರಸ ಭಟರಿಗೆ ಅವಳು ತಂದಿದ್ದ ಮರಿಸ್ವಾಮಿಯ ಫೋನು ಕೊಟ್ಟು ಕಳಿಸಿದ. ಬೀದಿ ಬೀದಿ ಸುತ್ತಿ ಭಟರು ನಿಂತದ್ದು ಮಂತ್ರಿಯ ಬಾಗಿಲಲ್ಲಿ. ಬಂದು ಹಾಗೇ ಹೇಳಿದರು. ಚಂಡೇರಾಯ ಇಕ್ಕಟ್ಟಿಗೆ ಸಿಕ್ಕ. ಹನ್ನೊಂದರಲ್ಲಿ ಸಾವಿದೆ ಅಂದರೆ ಕೊಲೆಗಾರ. ಇಲ್ಲ ಅಂದರೆ ಸುಳ್ಳುಗಾರ. ಅವನು ಅರಸನ ಕಾಲಿಗೆ ಬಿದ್ದ.

"ಅದರಲ್ಲಿ ಯಾವ ಸಾವೂ ಇಲ್ಲ ಪ್ರಭು! ಬರೀ ಖಾಲಿ ದಾರಿ. ಕುಸ್ತಿ ತಡವರಿಸದೆ ಬರಲಿ ಅಂತ ನಾನೇ ಕಟ್ಟಿದ ಕಥೆ!"

ಆಸ್ಥಾನದಲ್ಲಿ ಆರಕ್ಕೆ ಕಾಯಿ ಒಡೆದವರೆಲ್ಲ ತಲೆ ತಗ್ಗಿಸಿದರು. ಅರಸನೂ ತಗ್ಗಿಸಿದ. ಒಂದನೇ ಚಾನೆಲ್ಲನ್ನು ಅವನೊಬ್ಬನೇ ಇಟ್ಟುಕೊಂಡಿದ್ದನಲ್ಲ! ಅಂದೇ ಅದನ್ನೂ ಊರಿಗೆ ಬಿಟ್ಟುಕೊಟ್ಟ. ಚಂಡೇರಾಯನ ಮಂತ್ರಿಪಟ್ಟ ಕಿತ್ತು, ಮರಿಸ್ವಾಮಿಯ ಹಿಂದೆ ಏಣಿ ಹೊರಿಸಿ ಮನೆಮನೆಗೆ ಕಳಿಸಿದ. ಒಂದಷ್ಟು ಮನೆ ಒಂದಕ್ಕೆ, ಒಂದಷ್ಟು ಆರಕ್ಕೆ, ಉಳಿದವು ಹನ್ನೊಂದಕ್ಕೆ. ಉಂಗುರಗಳು ನಿಂತವು. ಊರವರು ದೂರದ ಮಕ್ಕಳ ಮಾತು, ಅಣ್ಣತಮ್ಮಂದಿರ ಮಾತು ಪೂರ್ತಿ ಕೇಳಿಸಿಕೊಂಡರು.

ಅರಸ ಪುಟ್ಟೀರಮ್ಮನನ್ನು ಕರೆದು, "ಏನು ಬೇಕೋ ಕೇಳಮ್ಮ, ಕೊಡುತ್ತೇನೆ," ಅಂದ.

"ನನ್ನ ಗಂಡ 'ನೀನು' ಅಂತ ಶುರು ಮಾಡಿದ್ರು ಬುದ್ಧೀ. ಆಮ್ಯಾಕೇನಂದ್ರು ಅಂತ ಕೇಳಿ ಹೇಳಿ," ಅಂದಳು ಅವಳು.

ಅರಸನ ಬೊಕ್ಕಸದಲ್ಲಿ ಅದಿರಲಿಲ್ಲ. ಅವಳು ಖಾಲಿ ಬುಟ್ಟಿ ತೆಗೆದುಕೊಂಡು ಮನೆಗೆ ಹೋದಳು.

ನೀತಿ ಇಷ್ಟೇ ಮಕ್ಕಳೇ. ಎಲ್ಲರ ದಾರಿಯನ್ನು ತಾನೊಬ್ಬನೇ ನುಂಗಬೇಕು ಅನ್ನುವವನು ಮೊದಲು ಭಯವನ್ನು ಹಂಚುತ್ತಾನೆ. ಯಾರಾದರೂ ಹೆದರಿಸಿದರೆ, ಇದರಿಂದ ಲಾಭ ಯಾರಿಗೆ ಅಂತ ಆಗಲೇ ಕೇಳಿ. ತಡವಾಗಿ ಕೇಳಿದರೆ ಕಳ್ಳ ಸಿಕ್ಕಿಬೀಳುತ್ತಾನೆ, ಕಳೆದುಕೊಂಡದ್ದು ಮಾತ್ರ ಸಿಗುವುದಿಲ್ಲ.