ಅರವಟ್ಟಿಗೆಯ ನೀರು, ತಾಯವ್ವನ ಚಿತ್ರ

ತುಂಗಭದ್ರೆಯ ದಂಡೆಯಲ್ಲಿ ಪರ್ವತಜ್ಜನ ಆಶ್ರಮ. ಅಂಗಳದಲ್ಲಿ ದಾರಿಹೋಕರಿಗೆ ಪುಕ್ಕಟೆ ನೀರು ಕೊಡುವ ಅರವಟ್ಟಿಗೆ. ಒಳಗೆ ಒಂದು ಕಂಪ್ಯೂಟರು.

ಎಲ್ಲರೂ ಸೇರಿ ಬರೆಯುವ, ಎಲ್ಲರೂ ತಿದ್ದುವ ವಿಶ್ವಕೋಶವೊಂದು ಅಂತರ್ಜಾಲದಲ್ಲಿದೆಯಲ್ಲ, ಅದಕ್ಕೆ ಬರೆಯುವುದನ್ನು ಅಜ್ಜ ಕಲಿಸುತ್ತಿದ್ದ.

ಹೊನ್ನೂರಮ್ಮ ಅಲ್ಲಿಗೆ ಹೊಸಬಳು. ಖಾನಾವಳಿ ನಡೆಸಿ ಬದುಕು ಕಟ್ಟಿಕೊಂಡವಳು. ಯಾರ ಮುಂದೆಯೂ ಕೈ ಚಾಚಿದವಳಲ್ಲ.

ಅವಳು ಮೊದಲು ಬರೆದದ್ದು ತಾಯವ್ವನ ಬಗ್ಗೆ. ಬಟ್ಟೆ ಒಗೆಯುವ ಬಂಡೆಯ ಮೇಲೆ ಇದ್ದಿಲಿನಿಂದ ಅಕ್ಷರ ಬರೆದು, ಹೊಳೆಗೆ ಬಂದ ಹೆಂಗಸರಿಗೆಲ್ಲ ಓದು ಕಲಿಸಿದವಳು ತಾಯವ್ವ. ಹೊನ್ನೂರಮ್ಮನ ಮೊದಲ ಅಕ್ಷರವೂ ಆ ಬಂಡೆಯದೇ. ಮುಂದಿನದನ್ನು ಅವಳು ಕೈಗೆ ಸಿಕ್ಕ ಕಾಗದವನ್ನೆಲ್ಲ ಓದಿ ತಾನೇ ಕಲಿತಳು.

ತಾಯವ್ವ ಈಗಿಲ್ಲ. ಉಳಿದಿರುವುದು ಒಂದೇ ಫೋಟೋ, ಹೊನ್ನೂರಮ್ಮನ ಖಾನಾವಳಿಯ ಗೋಡೆಯ ಮೇಲೆ. ಅದನ್ನು ವಿಶ್ವಕೋಶಕ್ಕೆ ಏರಿಸಿ, ‘ಸ್ವಂತ ಕೃತಿ’ ಎಂದು ಗುರುತು ಹಾಕಿದಳು.

ಮರುದಿನ ನೋಡಿದರೆ ಚಿತ್ರವಿಲ್ಲ.

“ಅಜ್ಜಾ, ನನ್ನ ಚಿತ್ರ ಯಾರೋ ಅಳಿಸಿದ್ದಾರೆ!”

“ನಿನ್ನದೇನು ಅದು?”

“ಮತ್ತೆ ಯಾರದು? ಕಟ್ಟು ಹಾಕಿಸಿದವಳು ನಾನು. ದಿನಾ ಹೂ ಏರಿಸುವವಳು ನಾನು.”

“ಕಿಟಕಿಗೆ ಚೌಕಟ್ಟು ಹಾಕಿಸಿದವನದ್ದೇನು, ಆಕಾಶ?”

ಹೊನ್ನೂರಮ್ಮ ಕಿಟಕಿಯ ಕಡೆ ನೋಡಿದಳು.

“ಆ ಫೋಟೋ ತೆಗೆದವರು ಯಾರು?”

“ಪೇಟೆಯ ಸ್ಟುಡಿಯೋದ ಮಾಬುಸಾಬರು.”

“ಇದ್ದಾರೋ?”

“ಇದ್ದಾರೆ. ಕಣ್ಣು ಮಂಜಾಗಿದೆ, ಬಾಯಿ ಮಾತ್ರ ಮೊದಲಿನಂತೆಯೇ ಇದೆ.”

“ಹಾಗಾದರೆ ಚಿತ್ರ ಅವರದು. ಒಪ್ಪಿಗೆ ಕೇಳಿಕೊಂಡು ಬಾ.”

ಕೇಳುವುದೆಂದರೆ ಅವಳಿಗೆ ಮುಳ್ಳು ನುಂಗಿದ ಹಾಗೆ. ಆದರೂ ಹೋದಳು.

ಮಾಬುಸಾಬರು ನಕ್ಕರು. “ಇದಕ್ಕೇನು ಕೇಳುತ್ತೀ ತಂಗಿ, ನಿನಗಲ್ಲದೆ ಇನ್ನಾರಿಗೆ?” ಎಂದು, ಹೊನ್ನೂರಮ್ಮನಿಗೆ ಈ ಚಿತ್ರ ಬಳಸಲು ನನ್ನ ಒಪ್ಪಿಗೆ ಇದೆ ಅಂತ ಫೋನನ್ನು ಕಣ್ಣ ಹತ್ತಿರ ಹಿಡಿದು ಬರೆದು ವಿಶ್ವಕೋಶಕ್ಕೆ ಕಳುಹಿಸಿದರು.

ವಿಶ್ವಕೋಶದ ಕಡೆಯಿಂದ ಉತ್ತರ ಬಂತು. ಇದು ಸಾಲದು. ಒಪ್ಪಿಗೆ ಒಬ್ಬರಿಗೆ ಕೊಟ್ಟರೆ ಆಗದು, ಎಲ್ಲರಿಗೂ ಕೊಡಬೇಕು. ಯಾರು ಬೇಕಾದರೂ ಚಿತ್ರವನ್ನು ಬಳಸಬಹುದು, ಬದಲಿಸಬಹುದು, ಮಾರಲೂಬಹುದು. ತೆಗೆದವರ ಹೆಸರು ಹೇಳಿದರೆ ಸಾಕು.

ಹೊನ್ನೂರಮ್ಮ ಸಿಟ್ಟಿನಿಂದ ಅಜ್ಜನ ಮುಂದೆ ನಿಂತಳು.

“ಒಮ್ಮೆ ಕೈ ಚಾಚಿದ್ದೇ ಹೆಚ್ಚು. ಇನ್ನೊಮ್ಮೆ ನಾನು ಹೋಗುವವಳಲ್ಲ. ಅದೂ ಏನಂತ ಕೇಳಲಿ? ಕಂಡಕಂಡವರಿಗೆಲ್ಲ ತಾಯವ್ವನನ್ನು ಹಂಚಿಬಿಡಿ ಅಂತಲೇ? ಅವಳ ಪುಟ ಮುಖವಿಲ್ಲದೆಯೇ ಇರಲಿ ಬಿಡಿ.”

“ಅವಳ ಮುಖ ಕಂಡವರು ಇನ್ನೆಷ್ಟು ಮಂದಿ ಉಳಿದಿದ್ದಾರೆ?”

ಅವಳು ಸೆರಗು ಬಿಗಿದು ಹೊರಡಲು ತಿರುಗಿದಳು.

“ಇರಲಿ,” ಎಂದ ಅಜ್ಜ. “ನಾಳೆ ಅರವಟ್ಟಿಗೆಯಲ್ಲಿ ನೀನು ಕೂರು. ಹೊನ್ನೂರಮ್ಮ ಎಂಬ ಹೆಸರಿನವರಿಗೆ ಮಾತ್ರ ನೀರು ಕೊಡು.”

ಬೇಸಿಗೆಯ ಬಿಸಿಲು. ಮೊದಲು ಬಂದವಳು ತಲೆಯ ಮೇಲೆ ಸೌದೆ ಹೊತ್ತ ಮುದುಕಿ.

“ನಿನ್ನ ಹೆಸರೇನಬೇ?”

“ಗಂಗವ್ವ. ಯಾಕೆ?”

“ಹೊನ್ನೂರಮ್ಮ ಎಂಬವರಿಗೆ ಮಾತ್ರ ನೀರು. ಅಜ್ಜನ ಅಪ್ಪಣೆ.”

ಮುದುಕಿ ಸೌದೆ ಇಳಿಸಿ ಸೊಂಟದ ಮೇಲೆ ಕೈಯಿಟ್ಟಳು. “ಹೆಸರು ಕೇಳಿ ನೀರು ಕೊಡಲಿಕ್ಕೆ ಇದು ಅರವಟ್ಟಿಗೆಯೋ, ಪೊಲೀಸು ಠಾಣೆಯೋ? ಗಂಗೆ ಅಂತ ಹೆಸರಿಟ್ಟುಕೊಂಡು ನೀರಿಗೆ ಗತಿಯಿಲ್ಲದವಳಾದೆನಲ್ಲ!”

ಹೊನ್ನೂರಮ್ಮನಿಗೆ ನಗುವೂ ಬಂತು, ನಾಚಿಕೆಯೂ ಬಂತು. ತಂಬಿಗೆ ತುಂಬಿ ಕೊಟ್ಟಳು. ಆಮೇಲೆ ಬಂದವರ ಹೆಸರನ್ನು ಕೇಳಲೇ ಇಲ್ಲ.

ಮಧ್ಯಾಹ್ನ ಚಹಾದಂಗಡಿಯ ಈರಪ್ಪ ದೊಡ್ಡ ಕೊಡ ತಂದು ನೀರು ತುಂಬಿದ ಮಣ್ಣಿನ ಹರವಿಗೆ ಬಗ್ಗಿದ.

ಹೊನ್ನೂರಮ್ಮ ಅವನ ಕೊಡ ಹಿಡಿದಳು. “ಏ ಈರಪ್ಪ! ಧರ್ಮದ ನೀರು ಒಯ್ದು ಚಹಾ ಮಾರುತ್ತೀಯೇನು?”

“ನಮ್ಮ ನಲ್ಲಿ ಕೆಟ್ಟಿದೆಯಕ್ಕಾ. ಸಂತೆಗೆ ಹೋಗುವವರು ಅಂಗಡಿಯಲ್ಲಿ ಕಾಯುತ್ತಿದ್ದಾರೆ.”

ಅಜ್ಜ ಎದ್ದು ಬಂದ. ತಾನೇ ನೀರು ತುಂಬಿ, ಕೊಡವನ್ನು ಈರಪ್ಪನ ಹೆಗಲಿಗೆ ಎತ್ತಿಸಿದ.

“ಅಜ್ಜಾ, ಅವನು ಮಾರುತ್ತಾನೆ!”

“ಕೊಂಡು ಕುಡಿಯುವವನಿಗೂ ಬಾಯಾರಿಕೆ ಇರುತ್ತದೆ.”

“ಹಾಗಾದರೆ ಕೊಟ್ಟವಳಿಗೆ ಏನು ಉಳಿಯಿತು?”

ಅಜ್ಜ ತನ್ನ ಹೆಗಲ ಮೇಲಿನ ವಲ್ಲಿಯಿಂದ ಅರವಟ್ಟಿಗೆಯ ಕಲ್ಲಿನ ಧೂಳು ಒರೆಸಿದ. ಅಲ್ಲಿ ಕೊರೆದಿತ್ತು: ಬಸಲಿಂಗವ್ವ ಕಟ್ಟಿಸಿದ್ದು.

ಬಸಲಿಂಗವ್ವನನ್ನು ಕಂಡವರು ಊರಿನಲ್ಲಿ ಯಾರೂ ಇರಲಿಲ್ಲ. ಅವಳ ಹೆಸರು ಗೊತ್ತಿಲ್ಲದವರೂ ಇರಲಿಲ್ಲ.

ಅಂದು ಸಂಜೆಯೇ ಹೊನ್ನೂರಮ್ಮ ಮಾಬುಸಾಬರ ಸ್ಟುಡಿಯೋಗೆ ಹೋದಳು.

“ಚಾಚಾ, ಮತ್ತೆ ಕೇಳಲಿಕ್ಕೆ ಬಂದೆ. ಈ ಸಲ ನನಗಾಗಿ ಅಲ್ಲ. ಯಾರಿಗೆ ಬೇಕಾದರೂ ಕೊಡುತ್ತೇನೆ ಅಂತ ಬರೆಯಬೇಕು. ಯಾರು ಒಯ್ಯುತ್ತಾರೋ ನಮಗೆ ಗೊತ್ತಾಗುವುದಿಲ್ಲ. ಒಮ್ಮೆ ಕೊಟ್ಟರೆ ಹಿಂದಕ್ಕೆ ಬರುವುದೂ ಇಲ್ಲ.”

“ಮಾರಿಕೊಳ್ಳುವವರಿಗೂ?”

“ಮಾರಿಕೊಳ್ಳುವವರಿಗೂ. ಚಿತ್ರ ಹೋದಲ್ಲೆಲ್ಲ ನಿಮ್ಮ ಹೆಸರು ಹೋಗಬೇಕು, ಅಷ್ಟೇ ಕರಾರು. ಮನಸ್ಸಿಲ್ಲದಿದ್ದರೆ ಬೇಡ ಅನ್ನಿ. ಬೇಸರ ಮಾಡಿಕೊಳ್ಳುವುದಿಲ್ಲ.”

ಮಾಬುಸಾಬರು ಕನ್ನಡಕ ತೆಗೆದು ಒರೆಸಿದರು. ಮಂಜು ಕಣ್ಣು ಬಾಗಿಲ ಕಡೆಗಿತ್ತು.

“ನನ್ನ ಹೆಂಡತಿಯೂ ಆ ಬಂಡೆಯ ಮೇಲೇ ಓದು ಕಲಿತದ್ದು,” ಎಂದರು. “ನೀನು ಯಾರ ಪೈಕಿ ಅಂತ ತಾಯವ್ವ ಕೇಳಲಿಲ್ಲ. ಏನು ಬರೆಯಬೇಕು, ಹೇಳು.”

ವಿಶ್ವಕೋಶದವರು ಕೇಳಿದ ಒಪ್ಪಿಗೆಯ ಮಾತುಗಳನ್ನು ಅವಳು ಪೂರ್ತಿ ಓದಿ ಹೇಳಿದಳು. ಅವರು ಪೂರ್ತಿ ಕೇಳಿ, ತಮ್ಮ ಫೋನಿನಿಂದಲೇ ಕಳುಹಿಸಿದರು.

ಕೆಲವು ದಿನಗಳ ಮೇಲೆ ತಾಯವ್ವನ ಮುಖ ಪುಟಕ್ಕೆ ಮರಳಿತು. ಚಿತ್ರದ ವಿವರದಲ್ಲಿ ಮಾಬುಸಾಬರ ಹೆಸರಿತ್ತು. ಹೊನ್ನೂರಮ್ಮ ಎರಡೂ ಕೈ ಜೋಡಿಸಿ ಪರದೆಯ ಮುಂದೆ ಕೂತಳು. ಕಣ್ಣಲ್ಲಿ ನೀರು ಬಂದದ್ದನ್ನು ಸೆರಗಿನಿಂದ ಬೇಗ ಒರೆಸಿಕೊಂಡಳು.

“ಅಜ್ಜಾ, ಚಾಚಾನ ಋಣ ಗೊತ್ತು, ನಿಮ್ಮ ಋಣ ಗೊತ್ತು. ಆದರೆ ಅಂದು ಚಿತ್ರ ಅಳಿಸಿದವರಿದ್ದಾರಲ್ಲ, ಅವರು ಸುಮ್ಮನಿದ್ದಿದ್ದರೆ ಅದು ಕದ್ದ ಚಿತ್ರವಾಗಿಯೇ ಉಳಿದುಬಿಡುತ್ತಿತ್ತು. ಅವರು ಯಾವ ಊರಿನವರೋ, ಗಂಡೋ ಹೆಣ್ಣೋ, ಒಂದೂ ತಿಳಿಯದು. ಅವರ ಉಪಕಾರ ಹೇಗೆ ತೀರಿಸಲಿ?”

ಅಷ್ಟರಲ್ಲಿ ಅಂಗಳದಿಂದ ಒಂದು ದನಿ ಕೇಳಿತು. ಯಾರೋ ಹೊಸ ಹೆಣ್ಣುಮಗಳು, ಬಿಸಿಲಲ್ಲಿ ನಡೆದು ಬಂದು ಕೆಂಪೇರಿದ ಮುಖ.

“ಇಲ್ಲಿ ಕಲಿಸುವವರು ಯಾರು? ನಮ್ಮ ಅಪ್ಪನ ಫೋಟೋ ಏರಿಸಿದ್ದೆ, ಯಾರೋ ಅಳಿಸಿಬಿಟ್ಟಿದ್ದಾರೆ! ಅದು ನನ್ನದೇ ಫೋಟೋ!”

ಹೊನ್ನೂರಮ್ಮ ಅಜ್ಜನ ಮುಖ ನೋಡಿದಳು.

ಅಜ್ಜ ತಂಬಿಗೆಯನ್ನು ಹೊನ್ನೂರಮ್ಮನ ಕೈಗಿತ್ತ.

“ಮೊದಲು ನೀರು ಕೊಡು. ಫೋಟೋ ತೆಗೆದವರು ಯಾರು ಅಂತ ಆಮೇಲೆ ಕೇಳು.”